ಸಾಕ್ಷಿ ಬೇರೆ, ಅತಿಥಿ ಬೇರೆ

ಕೇಳುಗರೆಲ್ಲರಿಗೂ ನಮಸ್ಕಾರ. ಮೈಸೂರು ಮತ್ತು ಮಂಡ್ಯದ ಸಭೆಗಳಲ್ಲಿ 30 ವರ್ಷಕ್ಕೂ ಹೆಚ್ಚು ಕಾಲ ಬೋಧಕನಾಗಿದ್ದ ನನಗೆ ಇಂದು ಕೊಟ್ಟಿರುವ ವಿಷಯ, ನಮ್ಮ ಕ್ರೈಸ್ತ ಮನೆಗಳಲ್ಲಿ ಬಾಗಿಲು ಹಾಕಿಕೊಂಡು ಮಾತ್ರ ಆಡಿಕೊಳ್ಳುವಂಥದ್ದು. ಮಗನೋ ಮೊಮ್ಮಗಳೋ ತಮ್ಮದೇ ಲಿಂಗದವರನ್ನು ಮದುವೆಯಾಗುವಾಗ ವಿಶ್ವಾಸಿಗಳಾದ ನಾವು ಆ ಮದುವೆಗೆ ಹೋಗಬಹುದೇ? ಬೆಳಗಿನ ಅಡಿಗೆಯ ನಡುವೆ ಈ ಮಾತು ಕೇಳುತ್ತಿರುವ ತಾಯಂದಿರನ್ನೂ ಅಜ್ಜಿಯರನ್ನೂ ಕಣ್ಣ ಮುಂದೆ ಇಟ್ಟುಕೊಂಡು ಮಾತನಾಡುತ್ತಿದ್ದೇನೆ, ಏಕೆಂದರೆ ಅಂಥ ಆಮಂತ್ರಣ ಬಂದ ರಾತ್ರಿ ನಿದ್ದೆಗೆಡುವವರು ಅವರೇ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಹೋಗಬಹುದು. ಸಾಕ್ಷಿ ಬೇರೆ, ಅತಿಥಿ ಬೇರೆ.

ಕಾನೂನಿನ ಮಾತನ್ನು ಚುಟುಕಾಗಿ ಮುಗಿಸುತ್ತೇನೆ. 2018ರ ಸೆಪ್ಟೆಂಬರ್ 6ರಂದು ನಮ್ಮ ಸುಪ್ರೀಂ ಕೋರ್ಟು, ವಯಸ್ಕರು ಪರಸ್ಪರ ಒಪ್ಪಿ ನಡೆಸುವ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಹೇಳಿತು. 2023ರ ಅಕ್ಟೋಬರ್ 17ರಂದು, ಅಂಥವರ ಮದುವೆಗೆ ಮಾನ್ಯತೆ ಕೊಡುವುದು ಶಾಸನಸಭೆಗೆ ಬಿಟ್ಟದ್ದೆಂದಿತು. ಆದ್ದರಿಂದ ನಮ್ಮವರಿಗೆ ಈ ಆಮಂತ್ರಣಗಳು ಬರುವುದು ಹೆಚ್ಚಾಗಿ ಕೆನಡಾ, ಇಂಗ್ಲೆಂಡ್, ಆಸ್ಟ್ರೇಲಿಯಾಗಳಿಂದ, ಓದಲೆಂದು ನಾವೇ ಸಾಲ ಮಾಡಿ ಕಳುಹಿಸಿದ ಮಕ್ಕಳಿಂದ.

ಕೆಲವು ವರ್ಷಗಳ ಹಿಂದೆ ಮಂಡ್ಯದ ಕಡೆಯ ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು ಬೆಳಗಿನ ಮೊದಲ ಬಸ್ಸಿಗೇ ಹೊರಟು ನನ್ನ ಮನೆಗೆ ಬಂದರು. ಕೈಚೀಲದಿಂದ ಟೊರಾಂಟೊದ ಒಂದು ಮದುವೆಯ ಕಾರ್ಡನ್ನು ತೆಗೆದು ಮೇಜಿನ ಮೇಲೆ ಮಗುಚಿ ಇಟ್ಟರು. ಹಿಂಬದಿಯಲ್ಲಿ ಮೊಮ್ಮಗ ತನ್ನ ಕೈಯಾರೆ ಕನ್ನಡದಲ್ಲಿ ಎರಡು ಸಾಲು ಬರೆದಿದ್ದ: ‘ಅಜ್ಜಿ, ನೀನು ಬರಲೇಬೇಕು. ನಿನಗೆಂದು ಮುಂದಿನ ಸಾಲಿನಲ್ಲಿ ಕುರ್ಚಿ ಇಟ್ಟಿದ್ದೇನೆ.’ ಅದರಲ್ಲಿ ತಪ್ಪಿದ್ದ ಒತ್ತಕ್ಷರಗಳನ್ನು ಆಕೆ ಕೆಂಪು ಪೆನ್ಸಿಲಿನಿಂದ ತಿದ್ದಿದ್ದರು. ಎಷ್ಟು ಸಲ ಓದಿದ್ದರೋ, ಕಾರ್ಡಿನ ಮಡಿಕೆ ಸವೆದು ಹರಿಯುವಂತಾಗಿತ್ತು.

ನಾನು ಬೋಧಕನ ಅಭ್ಯಾಸದಂತೆ ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದಿಂದಲೇ, ಗಂಡು ಹೆಣ್ಣು ಒಂದೇ ಶರೀರವಾಗುವರೆಂಬ ವಚನದಿಂದಲೇ ಆರಂಭಿಸಿದೆ. ಆಕೆ ನನ್ನನ್ನು ತಡೆದರು. ‘ಅಯ್ಯನವರೇ, ಆ ವಚನ ನನಗೆ ಬಾಯಿಪಾಠ. ಅವನಿಗೂ ಬಾಯಿಪಾಠ, ಭಾನುವಾರದ ಶಾಲೆಯಲ್ಲಿ ಕಲಿಸಿದವಳು ನಾನೇ. ನಾನು ಕೇಳಲು ಬಂದಿರುವುದು, ಆ ಕುರ್ಚಿಯಲ್ಲಿ ಕೂರಲೋ ಬೇಡವೋ ಎಂದು.’ ಆಮೇಲೆ ಆಕೆ ತಮ್ಮ ನಾದಿನಿಯ ವಿಚಾರ ಹೇಳಿದರು. 1974ರಲ್ಲಿ ಆ ಹುಡುಗಿ ಹಿಂದೂ ಹುಡುಗನೊಬ್ಬನನ್ನು ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾದಳು. ಮನೆಯಿಂದ ಯಾರೂ ಹೋಗಕೂಡದೆಂದು ಹಿರಿಯರು ತೀರ್ಮಾನಿಸಿದರು, ಯಾರೂ ಹೋಗಲಿಲ್ಲ. ವಿಶ್ವಾಸವನ್ನು ಕಾಪಾಡಿದೆವೆಂದು ಎಲ್ಲರೂ ತಿಳಿದರು. ಮರುವರ್ಷ ಕರೆಯೋಣವೆಂದರೆ ಸಂಕೋಚ, ಅದರ ಮರುವರ್ಷ ಬಿಗುಮಾನ, ಹೀಗೆ 19 ವರ್ಷ ಕಳೆದವು. ‘ಅವಳ ಮದುವೆಗೆ ಹೋಗದವರು ಅವಳ ಮಣ್ಣಿಗೂ ಹೋಗಲಿಲ್ಲ, ಅಯ್ಯನವರೇ. ಹೋಗಲು ನಮಗೆ ಮುಖವಿರಲಿಲ್ಲ.’ ಇಷ್ಟು ಹೇಳಿ ಆಕೆ ಕಾರ್ಡನ್ನು ಮತ್ತೆ ಚೀಲಕ್ಕೆ ಹಾಕಿಕೊಂಡರು.

ಆಕೆ ಟೊರಾಂಟೊಗೆ ಹೋದರು. ಹೋಗುವ ಮೊದಲು ಮೊಮ್ಮಗನಿಗೆ ಒಂದು ಕಾಗದ ಬರೆದರು, ನನಗೂ ಓದಲು ಕೊಟ್ಟರು. ಮದುವೆಯೆಂದರೆ ಗಂಡು ಹೆಣ್ಣು ಒಂದಾಗುವುದೆಂದು ತಾನು ನಂಬಿದವಳು, ಆ ನಂಬಿಕೆಯನ್ನು ಮಂಡ್ಯದಲ್ಲಿ ಬಿಟ್ಟು ಬರುವುದಿಲ್ಲ, ಆದರೂ ಬರುತ್ತೇನೆ, ಇಷ್ಟೇ ಅದರ ಸಾರ. ಅಲ್ಲಿ ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು. ‘ಒಂದು ಸಹಿ ನಿನ್ನದಾಗಲಿ ಅಜ್ಜಿ’ ಎಂದು ಹುಡುಗ ಕೇಳಿದ. ‘ಸಹಿ ನಿನ್ನ ಸ್ನೇಹಿತ ಹಾಕಲಿ ಕಂದಾ, ನಾನು ಕುರ್ಚಿಯಲ್ಲಿ ಕೂರುತ್ತೇನೆ’ ಎಂದರಂತೆ. ದೇವಶಾಸ್ತ್ರದ ತರಗತಿಗಳಲ್ಲಿ ನಾನು ವರ್ಷಗಟ್ಟಲೆ ಹುಡುಕಿದ ಉತ್ತರ ಆ ಒಂದು ಮಾತಿನಲ್ಲಿತ್ತು. ಸಾಕ್ಷಿ ಬೇರೆ, ಅತಿಥಿ ಬೇರೆ.

ಹೋಗಬಾರದೆನ್ನುವ ಸಹೋದರರು ಮುಂದಿಡುವ ದೊಡ್ಡ ವಾದ, ಮದುವೆಯಲ್ಲಿ ಕುಳಿತವರೆಲ್ಲರೂ ಸಾಕ್ಷಿಗಳು, ‘ಈ ಮದುವೆಗೆ ಅಡ್ಡಿಯೇನಾದರೂ ಇದ್ದರೆ ಈಗ ಹೇಳಿ’ ಎಂದು ಬೋಧಕರು ಕೇಳುವಾಗ ಸುಮ್ಮನಿದ್ದವರು ಒಪ್ಪಿಕೊಂಡಂತೆ, ಎಂಬುದು. ನೂರಾರು ಮದುವೆಗಳಲ್ಲಿ ಆ ಪ್ರಶ್ನೆಯನ್ನು ಕೇಳಿದವನು ನಾನು. ಮೊದಲ ಹೆಂಡತಿ ಬದುಕಿದ್ದಾಳೆಯೇ, ಇವರಿಬ್ಬರೂ ತೀರ ಹತ್ತಿರದ ರಕ್ತಸಂಬಂಧಿಗಳೇ ಎಂಬಂಥ ಕಾನೂನಿನ ಅಡ್ಡಿಗಳನ್ನು ತಿಳಿಯಲು ಹುಟ್ಟಿದ ಪ್ರಶ್ನೆ ಅದು. ಬಂದವರ ಅಭಿಪ್ರಾಯ ಸಂಗ್ರಹವಲ್ಲ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯಂತೆ ನಮ್ಮ ರಿಜಿಸ್ಟರಿಗೆ ಬೇಕಾದದ್ದೂ ಇಬ್ಬರು ಸಾಕ್ಷಿಗಳ ಸಹಿ ಮಾತ್ರ. ಉಳಿದ ಐನೂರು ಮಂದಿ ಅತಿಥಿಗಳು.

ನಮ್ಮ ಹಿರಿಯರು ಇದನ್ನು ಚೆನ್ನಾಗಿ ಅರಿತಿದ್ದರು. ಈ ಸೀಮೆಯ ಕ್ರೈಸ್ತರಿಗೆ ಹಿಂದೂ ನೆಂಟರು, ನೆರೆಯವರು ಎಲ್ಲ ಕಾಲದಲ್ಲೂ ಇದ್ದಾರೆ. ನನ್ನ ಅಜ್ಜ ಧಾರೆಯ ಹೊತ್ತಿಗೆ ಚಪ್ಪರದಲ್ಲಿ ನಿಂತಿರುತ್ತಿದ್ದರು, ಪೂಜೆಯಲ್ಲಿ ಪಾಲ್ಗೊಳ್ಳುತ್ತಿರಲಿಲ್ಲ, ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿದ್ದರು, ಮುಯ್ಯಿ ಬರೆಸಿ ಬರುತ್ತಿದ್ದರು. ಅವರು ವಿಶ್ವಾಸ ಬಿಟ್ಟರೆಂದು ಸಭೆಯಲ್ಲಿ ಯಾರೂ ಹೇಳಲಿಲ್ಲ. ಅದೇ ಚಪ್ಪರದಲ್ಲಿ ನಿಂತು ಬೆಳೆದ ನಾವು ನಮ್ಮ ಸ್ವಂತ ಮಗುವಿನ ಮದುವೆಗೆ ಬೇರೆ ಅಳತೆಗೋಲು ಹಿಡಿಯುವುದೇಕೆ, ಹೇಳಿ?

ಅಜ್ಜನ ಈ ನಡತೆಗೆ ಬೈಬಲಿನ ಆಧಾರವಿದೆ. ಅವಿಶ್ವಾಸಿಯೊಬ್ಬನು ಊಟಕ್ಕೆ ಕರೆದಾಗ ಹೋಗಲು ಮನಸ್ಸಿದ್ದರೆ ಹೋಗಿ, ಬಡಿಸಿದ್ದನ್ನು ಊಟಮಾಡಿ ಎಂದು ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಹತ್ತನೆಯ ಅಧ್ಯಾಯದಲ್ಲಿದೆ. ಅರಸುಗಳ ಎರಡನೆಯ ಪುಸ್ತಕದ ಐದನೆಯ ಅಧ್ಯಾಯದಲ್ಲಿ, ಕುಷ್ಠ ವಾಸಿಯಾಗಿ ಇಸ್ರಾಯೇಲಿನ ದೇವರನ್ನು ನಂಬಿದ ಸೇನಾಪತಿ ನಾಮಾನನು, ತನ್ನ ನಾಡಿನ ದೇವತೆಯಾದ ರಿಮ್ಮೋನನ ಗುಡಿಯಲ್ಲಿ ಅರಸನು ತನ್ನ ಕೈಯನ್ನು ಆತುಕೊಂಡಾಗ ತಾನೂ ಬಗ್ಗಬೇಕಾಗುತ್ತದೆ, ಕರ್ತನು ಕ್ಷಮಿಸಲಿ ಎಂದು ಬೇಡಿಕೊಳ್ಳುತ್ತಾನೆ. ಪ್ರವಾದಿ ಎಲೀಷನು ಅವನಿಗೆ ಹೇಳುವುದು ‘ಸಮಾಧಾನದಿಂದ ಹೋಗು’ ಎಂದಷ್ಟೇ. ದಯವಿಟ್ಟು ಯೇಸು ಅತಿಥಿಯಾಗಿ ಹೋಗಿದ್ದ ಕಾನಾ ಊರಿನ ಮದುವೆಯನ್ನು ಮಾತ್ರ ಈ ಚರ್ಚೆಗೆ ಎಳೆಯಬೇಡಿ; ಎರಡೂ ಕಡೆಯವರು ಎಳೆದಾಡುತ್ತಾರೆ, ಅದು ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ.

ಸಮಯ ಮುಗಿಯುತ್ತ ಬಂದಿದೆ, ಹೇಳಬೇಕಾದದ್ದು ಇನ್ನೂ ಇದೆ. ಕೆಥೊಲಿಕ್ ಸಹೋದರರಿಗೆ: 2023ರ ಡಿಸೆಂಬರ್ 18ರಂದು ವ್ಯಾಟಿಕನ್ ಹೊರಡಿಸಿದ ಘೋಷಣೆ, ಮದುವೆಯ ಬಗೆಗಿನ ಬೋಧನೆಯನ್ನು ಬದಲಿಸದೆಯೇ, ಇಂಥ ಜೋಡಿಗಳು ಕೇಳಿಕೊಂಡರೆ ಮದುವೆಯ ವಿಧಿಯಂತೆ ಕಾಣದ ಹಾಗೆ ಗುರುಗಳು ಅವರನ್ನು ಆಶೀರ್ವದಿಸಬಹುದೆಂದಿತು. ವಿಧಿಯೇ ಬೇರೆ, ಮನುಷ್ಯರೇ ಬೇರೆ ಎಂಬ ವಿವೇಕ ಅಲ್ಲಿಯೂ ಇದೆ. ಅಮೆರಿಕದಲ್ಲಿ ಅಲಿಸ್ಟರ್ ಬೆಗ್ ಎಂಬ ಸಂಪ್ರದಾಯನಿಷ್ಠ ಬೋಧಕರು ಒಬ್ಬ ಅಜ್ಜಿಗೆ, ನಿಮ್ಮ ನಂಬಿಕೆ ಏನೆಂದು ಮೊಮ್ಮಗುವಿಗೆ ತಿಳಿದಿದ್ದರೆ ಮದುವೆಗೆ ಹೋಗಿ, ಉಡುಗೊರೆಯನ್ನೂ ಕೊಡಿ ಎಂದದ್ದಕ್ಕೆ, 2024ರ ಜನವರಿಯಲ್ಲಿ ಒಂದು ಕ್ರೈಸ್ತ ರೇಡಿಯೋ ಜಾಲ ಅವರ ಕಾರ್ಯಕ್ರಮವನ್ನೇ ಕೈಬಿಟ್ಟಿತು. ಆ ಬೋಧಕರು ಹೇಳಿದ್ದು ಸರಿ ಎಂದು ನಾನು ಈ ಮೈಕಿನ ಮುಂದೆ ಹೇಳುತ್ತೇನೆ.

ಇಷ್ಟಾಗಿಯೂ ಕೆಲವರ ಮನಸ್ಸಾಕ್ಷಿ ಒಪ್ಪುವುದಿಲ್ಲ. ಅವರನ್ನು ನಾನು ಬಲವಂತ ಮಾಡುವುದಿಲ್ಲ. ಆದರೆ ‘ಬರುವುದಿಲ್ಲ’ ಎಂಬ ಮಾತನ್ನು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಬೇಡಿ, ಚಿಕ್ಕಪ್ಪನ ಬಾಯಲ್ಲಿ ಹೇಳಿಸಬೇಡಿ. ಮದುವೆಗೆ ಮುಂಚೆ ನೀವೇ ಫೋನು ಮಾಡಿ, ಮಗು ಅತ್ತರೆ ಅಳಲು ಬಿಡಿ, ಫೋನು ಇಡಬೇಡಿ. ಮದುವೆ ಮುಗಿದ ಮೇಲೆ ಬರುವ ಮೊದಲ ಕ್ರಿಸ್ಮಸ್ ಊಟಕ್ಕೆ ಇಬ್ಬರನ್ನೂ ಹೆಸರು ಹಿಡಿದು ಕರೆಯಿರಿ, ಊರಿಗೆ ಬಂದಾಗ ಇಬ್ಬರಿಗೂ ಒಂದೇ ಪಂಕ್ತಿಯಲ್ಲಿ ಎಲೆ ಹಾಕಿ. ನಮಸ್ಕಾರ.