ನೇಗಿಲು ಒಬ್ಬನದು, ಪತ್ರ ಇನ್ನೊಬ್ಬನದು

ಕೇಳುಗರಿಗೆ ನಮಸ್ಕಾರ.

ಯಹೂದಿ–ಅರಬ್ ಜಗಳ ಎಂದೊಡನೆ ಮಾತು ಮೋಸೆಯ ಕಾಲಕ್ಕೋ 1948ಕ್ಕೋ ಹೋಗಿಬಿಡುತ್ತದೆ. ನೆಲದ ತಕರಾರು ತಿಳಿಯಬೇಕಾದರೆ ಮೊದಲು ಬಿಚ್ಚಬೇಕಾದ್ದು, ಆಗ ಪ್ಯಾಲೆಸ್ತೀನನ್ನು ಆಳುತ್ತಿದ್ದ ಒಟ್ಟೋಮನ್ ತುರ್ಕರ 1858ರ ಭೂ ಕಾಯಿದೆಯನ್ನು.

ಪ್ಯಾಲೆಸ್ತೀನಿನ ಹೊಲಗಳಲ್ಲಿ ಬಹುಪಾಲು ಆಗ ‘ಮೀರಿ’ ಜಮೀನು. ಒಡೆತನ ಸರ್ಕಾರದ್ದು, ಉಳುವ ಹಕ್ಕು ರೈತನದು. ಕಾರಣವಿಲ್ಲದೆ ಮೂರು ವರ್ಷ ಬೀಳು ಬಿಟ್ಟರೆ ಆ ಹಕ್ಕೂ ಹೋಯಿತು. ಅನೇಕ ಊರುಗಳಲ್ಲಿ ‘ಮುಶಾ’ ಪದ್ಧತಿಯಿತ್ತು: ಊರ ಹೊಲ ಎಲ್ಲರದು, ಕೆಲವು ವರ್ಷಕ್ಕೊಮ್ಮೆ ಪಾಲು ಅದಲುಬದಲು. ಹೊಸ ಕಾಯಿದೆ ಮಾತ್ರ ಹೆಸರು ಬರೆಸಿ ‘ತಾಬೂ’ ಎಂಬ ಹಕ್ಕುಪತ್ರ ಪಡೆಯಿರಿ ಎಂದಿತು. ರೈತ ಹಿಂಜರಿದ. ದಫ್ತರದಲ್ಲಿ ಹೆಸರು ಬಿದ್ದರೆ ಕಂದಾಯ ಬರುತ್ತದೆ, ಹಿಂದೆಯೇ ಮಗನನ್ನು ಸೈನ್ಯಕ್ಕೆ ಎಳೆಯುವವರೂ ಬರುತ್ತಾರೆ. ಹೀಗೆ ಎಷ್ಟೋ ಜಮೀನು ಊರ ಶೇಖನ, ಪಟ್ಟಣದ ಸಾಹುಕಾರನ ಹೆಸರಿಗೆ ಬಿತ್ತು. 1870ರ ಸುಮಾರಿಗೆ ಬೈರೂತಿನ ಸುರ್ಸೊಕ್ ಮನೆತನ ಉತ್ತರ ಪ್ಯಾಲೆಸ್ತೀನಿನ ಮರ್ಜ್ ಇಬ್ನ್ ಆಮಿರ್ ಬಯಲಿನಲ್ಲಿ ಸರ್ಕಾರದಿಂದ ಇಡೀ ಹಳ್ಳಿಗಳನ್ನೇ ಕೊಂಡಿತು. ಉಳುವವರು ಗೇಣಿದಾರರಾಗಿ ಅಲ್ಲೇ ಉಳಿದರು. ಧಣಿ ಬದಲಾದರೆ ನೇಗಿಲೇನೂ ಕದಲುತ್ತಿರಲಿಲ್ಲ.

ಕದಲಿದ್ದು ಮುಂದಿನ ಮಾರಾಟದಲ್ಲಿ. 1881ರ ನಂತರ ರಷ್ಯಾದ ದೊಂಬಿಗಳಿಂದ ಜೀವ ಉಳಿಸಿಕೊಂಡು ಹೊರಟ ಯಹೂದಿಗಳಲ್ಲಿ ಕೆಲವರು ಪೂರ್ವಜರ ನಾಡೆಂದು ಇಲ್ಲಿಗೆ ಬಂದರು. ಜಮೀನು ಕೊಳ್ಳಲೆಂದೇ 1901ರಲ್ಲಿ ಯಹೂದಿ ರಾಷ್ಟ್ರೀಯ ನಿಧಿ ಹುಟ್ಟಿತು. ನಿಧಿ ಕೊಂಡದ್ದನ್ನು ಮಾರುವಂತಿಲ್ಲ, ಯಹೂದಿಗಳಿಗೆ 49 ವರ್ಷದ ಗುತ್ತಿಗೆ ಮಾತ್ರ, ದುಡಿಮೆಯೂ ಅವರದೇ. ಹಳೆಯ ಗೇಣಿದಾರ ಈ ಲೆಕ್ಕದಲ್ಲೇ ಇರಲಿಲ್ಲ.

ಅಲ್-ಫೂಲಾ ಎಂಬ ಹಳ್ಳಿ ನೋಡಿ. 1910ರಲ್ಲಿ ಇಲ್ಯಾಸ್ ಸುರ್ಸೊಕ್ ಅಲ್ಲಿ ಹತ್ತಿರಹತ್ತಿರ 10,000 ದುನಮ್ ಯಹೂದಿಗಳಿಗೆ ಮಾರಿದ. ಒಂದು ದುನಮ್ ಆಗ ನಮ್ಮ ಒಂಬತ್ತು ಗುಂಟೆಯಷ್ಟು. ನಜರೇತಿನ ಆಡಳಿತಾಧಿಕಾರಿ ಶುಕ್ರಿ ಅಲ್-ಅಸಲಿ ಪತ್ರ ಕೊಡಲು ಒಪ್ಪಲಿಲ್ಲ. ಸಲಾದೀನ್ ಸುಲ್ತಾನ ಕ್ರುಸೇಡಿನ ಕ್ರೈಸ್ತರಿಂದ ಗೆದ್ದ ಕೋಟೆ ಇರುವ ನೆಲ ಎಂದು ಪತ್ರಿಕೆಗಳಿಗೂ ಬರೆದ. ಮೇಲಿನವರು ಅವನನ್ನು ಬದಿಗೊತ್ತಿದರು. 1911ರಲ್ಲಿ ಅಲ್ಲಿ ಮೆರ್ಹಾವಿಯಾ ವಸಾಹತು ಎದ್ದಿತು. ಕೊಂಡವರು ಹಣ ಕೊಟ್ಟಿದ್ದರು, ಪತ್ರವೂ ಸರಿಯಾಗಿತ್ತು. ಒಕ್ಕಲೆದ್ದವನಿಗೆ ಮಾತ್ರ ತಾನು ಎಂದೂ ಮಾರದ ಹೊಲ ಕೈತಪ್ಪಿತ್ತು.

ಮೊದಲ ಮಹಾಯುದ್ಧದಲ್ಲಿ ತುರ್ಕರಿಂದ ನಾಡು ಗೆದ್ದ ಬ್ರಿಟಿಷರು 1920ರಲ್ಲಿ, ಉಳುತ್ತಿರುವ ಗೇಣಿದಾರನಿಗೆ ಹೊಟ್ಟೆಪಾಡಿನಷ್ಟು ನೆಲ ಉಳಿಸಬೇಕೆಂದು ಕಾನೂನು ತಂದರು. ದಾರಿ ಸುಲಭವಾಗಿ ಸಿಕ್ಕಿತು: ನೋಂದಣಿಗೆ ಮೊದಲೇ ದುಡ್ಡು ಕೊಟ್ಟು ಅವನನ್ನು ಎಬ್ಬಿಸಿದರೆ ‘ಉಳುತ್ತಿರುವವನು’ ಯಾರೂ ಇರುವುದಿಲ್ಲ.

1947ರ ಹೊತ್ತಿಗೆ ಯಹೂದಿಗಳು ಕೊಂಡಿದ್ದ ನೆಲ ಇಡೀ ಪ್ಯಾಲೆಸ್ತೀನಿನ ಸುಮಾರು ಶೇ. 7. ಉಳಿದದ್ದೆಲ್ಲ ಅರಬರ ಖಾಸಗಿ ಆಸ್ತಿ ಎಂದು ಹೇಳುವುದೂ ತಪ್ಪೇ. ನೆಗೆವ್ ಮರುಭೂಮಿಯ ಬಹುಭಾಗ ಅಳತೆಯನ್ನೇ ಕಂಡಿರಲಿಲ್ಲ. ನಾಡನ್ನು ಎರಡು ಮಾಡುವ ಯೋಜನೆಯಲ್ಲಿ ವಿಶ್ವಸಂಸ್ಥೆ ಯಹೂದಿ ರಾಜ್ಯಕ್ಕೆ ಸುಮಾರು ಶೇ. 55 ಗುರುತು ಹಾಕಿತು. ಯುದ್ಧವಾಯಿತು, ಸುಮಾರು 7 ಲಕ್ಷ ಅರಬರು ನಿರಾಶ್ರಿತರಾದರು. 1950ರ ಗೈರುಹಾಜರಿ ಆಸ್ತಿ ಕಾನೂನು ಅವರ ಹೊಲಮನೆಗಳನ್ನು ಇಸ್ರೇಲ್ ಸರ್ಕಾರದ ವಶಕ್ಕೆ ಕೊಟ್ಟಿತು.

1858ರ ಕಾಯಿದೆಯನ್ನು ಇಸ್ರೇಲ್ ತನ್ನೊಳಗೆ 1969ರಲ್ಲಿ ಕೈಬಿಟ್ಟಿದೆ. 1967ರಿಂದ ಇಸ್ರೇಲ್ ಹಿಡಿತದಲ್ಲಿರುವ ಪಶ್ಚಿಮ ದಂಡೆಯಲ್ಲಿ ಅದಿನ್ನೂ ಜೀವಂತ. ಅಲ್ಲಿನ ಗುಡ್ಡವೊಂದನ್ನು ಸರ್ಕಾರಿ ನೆಲ ಎಂದು ಘೋಷಿಸುವ ಮುನ್ನ ಅಧಿಕಾರಿಗಳು ಹಳೆಯ ವೈಮಾನಿಕ ಚಿತ್ರಗಳನ್ನು ಹರಡಿಕೊಂಡು ಕೂರುತ್ತಾರೆ, ಇಲ್ಲಿ ಉಳುಮೆಯ ಗುರುತಿದೆಯೇ ಎಂದು.