ಸರ್ವರ್ ಅಪ್ಪನ ಜೇಬಿನಲ್ಲಿದೆ: ನೆಟ್ ಇಲ್ಲದೆ ಗಿಟ್

[ಪರದೆ: ಒಂದು ಫೋಲ್ಡರ್. ಒಳಗೆ ಐದು ಫೈಲು. ಲಗ್ನಪತ್ರಿಕೆ, ಲಗ್ನಪತ್ರಿಕೆ ಹೊಸದು, ಲಗ್ನಪತ್ರಿಕೆ ಫೈನಲ್, ಲಗ್ನಪತ್ರಿಕೆ ಫೈನಲ್ 2, ಲಗ್ನಪತ್ರಿಕೆ ಇದೇ ಫೈನಲ್]

ಈ ಐದರಲ್ಲಿ ಪ್ರೆಸ್ಸಿಗೆ ಕಳಿಸಬೇಕಾದ್ದು ಯಾವುದು, ಹೇಳಿ ನೋಡೋಣ.

ನಾನು ಕೊನೆಯದನ್ನು ಕಳಿಸಿದೆ. ಹೆಸರಲ್ಲೇ ಇದೆಯಲ್ಲ, ಇದೇ ಫೈನಲ್ ಅಂತ. ಆದರೆ ಅಕ್ಕ ಮುಹೂರ್ತ ತಿದ್ದಿದ್ದು ಫೈನಲ್ 2ರಲ್ಲಿ. 400 ಕಾರ್ಡ್ ಅಚ್ಚಾಗಿ ಬಂದವು. ಚಿಕ್ಕಪ್ಪ ಒಂದೊಂದರ ಮೇಲೂ ಪೆನ್ನು ಹಿಡಿದು ಸಮಯ ತಿದ್ದುತ್ತಾ ಕೂತರು. ಇವತ್ತಿಗೂ ನನ್ನನ್ನು ಕಂಡರೆ "ಏನಪ್ಪಾ, ಇದೇ ಫೈನಲ್ಲಾ?" ಅನ್ನುತ್ತಾರೆ.

ಈಗ ಅವರ ಎರಡನೇ ಮಗಳ ಮದುವೆ. ಪತ್ರಿಕೆ ಬರೆಯುವ ಕೆಲಸ ಮತ್ತೆ ನನಗೂ ಅಕ್ಕನಿಗೂ ಬಂದಿದೆ. ನಾನಿರುವುದು ಬೆಂಗಳೂರಿನಲ್ಲಿ. ಅಕ್ಕ ಇರುವುದು ತೀರ್ಥಹಳ್ಳಿ ಹತ್ತಿರ. ಅಲ್ಲಿ ಮಳೆ ಬಂದರೆ ಕರೆಂಟ್ ಹೋಗುತ್ತದೆ, ಅದರ ಹಿಂದೆಯೇ ನೆಟ್‌ವರ್ಕ್ ಕೂಡ. ಹಾಗಾಗಿ ಈ ಸಲ ಗಿಟ್ ಬಳಸುತ್ತಿದ್ದೇವೆ. ಫೈಲಿನಲ್ಲಿ ಯಾರು, ಯಾವಾಗ, ಏನು ಬದಲಿಸಿದರು ಎಂಬ ಚರಿತ್ರೆ ಇಟ್ಟುಕೊಳ್ಳುವ ಸಾಧನ ಅದು. ಇಂಟರ್ನೆಟ್ ಇಲ್ಲದೆ.

[ಪರದೆ: ಲ್ಯಾಪ್‌ಟಾಪಿನ ವೈಫೈ ಆಫ್ ಮಾಡುವುದು]

ಇಂಟರ್ನೆಟ್ ಇಲ್ಲದೆ ಗಿಟ್ಟಾ ಅಂತ ಕೇಳುವವರು ಗಿಟ್‌ಹಬ್ ಜೊತೆ ಗೊಂದಲ ಮಾಡಿಕೊಂಡಿದ್ದಾರೆ. ಗಿಟ್‌ಹಬ್ ಒಂದು ವೆಬ್‌ಸೈಟ್, ಬಂದದ್ದು 2008ರಲ್ಲಿ. ಗಿಟ್ ಅದಕ್ಕಿಂತ ಮೂರು ವರ್ಷ ಹಳೆಯದು. ಅದು ನಿಮ್ಮ ಕಂಪ್ಯೂಟರಿನಲ್ಲೇ ಓಡುವ ಪ್ರೋಗ್ರಾಂ.

ಲಿನಕ್ಸ್ ಕರ್ನಲ್, ಅಂದರೆ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳು, ಬರೆಯುವವರು 2002ರಿಂದ ಬಿಟ್‌ಕೀಪರ್ ಎಂಬ ಇಂಥದ್ದೇ ಸಾಧನ ಬಳಸುತ್ತಿದ್ದರು. ಅದು ಒಂದು ಕಂಪನಿಯದು, ಇವರಿಗೆ ಬಿಟ್ಟಿ ಕೊಟ್ಟಿದ್ದರು. 2005ರಲ್ಲಿ ಜಗಳವಾಗಿ ಆ ಬಿಟ್ಟಿ ನಿಂತಿತು. ಲಿನಕ್ಸ್ ಶುರು ಮಾಡಿದ ಲಿನಸ್ ಟೊರ್ವಾಲ್ಡ್ಸ್ ಏಪ್ರಿಲ್‌ನಲ್ಲಿ ಕೂತು ತಾನೇ ಒಂದನ್ನು ಬರೆಯತೊಡಗಿದ. ಕೆಲವೇ ದಿನಗಳಲ್ಲಿ ಗಿಟ್ ತನ್ನ ಕೋಡನ್ನು ತಾನೇ ಸಂಭಾಳಿಸುವಷ್ಟು ಬೆಳೆಯಿತು. ಜೂನ್‌ನಲ್ಲಿ ಕರ್ನಲ್ 2.6.12 ಹೊರಬಂದದ್ದು ಗಿಟ್‌ನಲ್ಲೇ. ಅದೇ ಏಪ್ರಿಲ್‌ನಲ್ಲಿ, ಅದೇ ಕಾರಣಕ್ಕೆ ಮರ್ಕ್ಯುರಿಯಲ್ ಎಂಬ ಇಂಥದ್ದೇ ಇನ್ನೊಂದು ಸಾಧನವೂ ಹುಟ್ಟಿತು. ಒಳ್ಳೆಯದೇ, ಆದರೆ ಇವತ್ತು ಬಳಸುವವರು ಕಡಿಮೆ.

ಗಿಟ್ ಡಿಸ್ಟ್ರಿಬ್ಯೂಟೆಡ್ ಅನ್ನುತ್ತಾರೆ. ಹಾಗಂದರೆ ಏನು? ಹಿಂದಿನ ಸಬ್‌ವರ್ಷನ್‌ನಂಥ ಸಾಧನಗಳಲ್ಲಿ ಚರಿತ್ರೆಯೆಲ್ಲ ಸರ್ವರ್‌ನಲ್ಲಿ ಇರುತ್ತಿತ್ತು. ನಿಮ್ಮ ಹತ್ತಿರ ಇದ್ದದ್ದು ಇವತ್ತಿನ ಪ್ರತಿ ಮಾತ್ರ. ಕಮಿಟ್ ಮಾಡಬೇಕಾದರೂ, ಅಂದರೆ ಬದಲಾವಣೆಯನ್ನು ಚರಿತ್ರೆಯಲ್ಲಿ ದಾಖಲಿಸಬೇಕಾದರೂ, ಹಳೆಯ ಲಾಗ್ ನೋಡಬೇಕಾದರೂ ಸರ್ವರ್ ಬಾಗಿಲು ತಟ್ಟಬೇಕು. ಗಿಟ್‌ನಲ್ಲಿ ಕ್ಲೋನ್ ಮಾಡಿದವರಿಗೆಲ್ಲ, ಅಂದರೆ ಪ್ರತಿ ತೆಗೆದುಕೊಂಡವರಿಗೆಲ್ಲ, ಮೊದಲ ದಿನದಿಂದ ಇವತ್ತಿನವರೆಗಿನ ಇಡೀ ಚರಿತ್ರೆ ಸಿಗುತ್ತದೆ. ಯಾವ ಪ್ರತಿಯೂ ಇನ್ನೊಂದಕ್ಕಿಂತ ದೊಡ್ಡದಲ್ಲ. "ಇದು ಮುಖ್ಯ ಪ್ರತಿ" ಅನ್ನುವುದು ನಾವು ನಾವೇ ಮಾಡಿಕೊಂಡ ಒಪ್ಪಂದ, ಅಷ್ಟೇ.

ಸರಿ, ಟರ್ಮಿನಲ್‌ಗೆ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಗೆ ಬರೋಣ.

[ಪರದೆ: ಟರ್ಮಿನಲ್. ಗಿಟ್ ಇನಿಟ್ -ಬಿ ಮೇನ್]

ಖಾಲಿ ಫೋಲ್ಡರ್ ಮಾಡಿ, ಒಳಗೆ ಹೋಗಿ, ಗಿಟ್ ಇನಿಟ್ ಡ್ಯಾಶ್ ಬಿ ಮೇನ್. ಮೇನ್ ಎಂಬುದು ಬ್ರಾಂಚಿನ ಹೆಸರು. ಬ್ರಾಂಚ್ ಅಂದರೆ ಕಮಿಟ್‌ಗಳು ಒಂದರ ಹಿಂದೊಂದು ಸೇರುವ ಸಾಲು. ಈ ಡ್ಯಾಶ್ ಬಿ ಬೇಕಾದರೆ ಗಿಟ್ 2.28 ಅಥವಾ ಅದಕ್ಕಿಂತ ಹೊಸದು ಇರಬೇಕು. ಇದಾದ ಮೇಲೆ ಫೋಲ್ಡರಿನಲ್ಲಿ ಚುಕ್ಕೆ ಗಿಟ್ ಎಂಬ ಅಡಗಿದ ಫೋಲ್ಡರ್ ಬರುತ್ತದೆ. ಚರಿತ್ರೆ ಪೂರ್ತಿ ಇರುವುದು ಅದರೊಳಗೆ. ಅದನ್ನು ಮುಟ್ಟಬೇಡಿ.

ಹೆಸರು, ಇಮೇಲ್ ಒಂದು ಸಲ ಹೇಳಿಕೊಡಿ. ಗಿಟ್ ಕಾನ್ಫಿಗ್ --ಗ್ಲೋಬಲ್ ಯೂಸರ್.ನೇಮ್, ಆಮೇಲೆ ಯೂಸರ್.ಇಮೇಲ್.

ಈಗ ಲಗ್ನಪತ್ರಿಕೆ ಅಂತಲೇ ಕನ್ನಡದಲ್ಲಿ ಹೆಸರಿಟ್ಟು ಒಂದು ಟೆಕ್ಸ್ಟ್ ಫೈಲ್ ಮಾಡಿದ್ದೇನೆ. ಏನೇನು ಬದಲಾಗಿದೆ ಅಂತ ತೋರಿಸುವ ಗಿಟ್ ಸ್ಟೇಟಸ್ ಕೊಟ್ಟು ನೋಡಿ.

[ಪರದೆ: ಫೈಲ್ ಹೆಸರಿನ ಜಾಗದಲ್ಲಿ \340\262\262 ಹೀಗೆ ಸಾಲುಸಾಲು ಅಂಕಿ]

ಗಾಬರಿಯಾಗಬೇಡಿ, ಫೈಲ್ ಕೆಟ್ಟಿಲ್ಲ. 340, 262, 262 ಅಂದರೆ ನಮ್ಮ "ಲ". ಇಂಗ್ಲಿಷ್ ಅಲ್ಲದ ಅಕ್ಷರ ಫೈಲ್ ಹೆಸರಿನಲ್ಲಿ ಬಂದರೆ ಗಿಟ್ ಅದನ್ನು ಹೀಗೆ ಬೈಟ್‌ಗಳಾಗಿ ಒಡೆದು ತೋರಿಸುತ್ತದೆ. ಗಿಟ್ ಕಾನ್ಫಿಗ್ --ಗ್ಲೋಬಲ್ ಕೋರ್.ಕೋಟ್‌ಪಾತ್ ಫಾಲ್ಸ್ ಅಂತ ಕೊಡಿ. ಮತ್ತೆ ಸ್ಟೇಟಸ್.

[ಪರದೆ: ಲಗ್ನಪತ್ರಿಕೆ ಎಂಬ ಹೆಸರು ಸರಿಯಾಗಿ ಕಾಣುವುದು]

ಬಂತಲ್ವಾ? ಇದೊಂದು ಸಾಲು ಗೊತ್ತಿಲ್ಲದೆ ಎಷ್ಟೋ ಜನ ಫೈಲಿಗೆ ಇಂಗ್ಲಿಷ್ ಹೆಸರೇ ಇಡುತ್ತಾರೆ. ಕಮಿಟ್ ಸಂದೇಶವನ್ನೂ ಆರಾಮಾಗಿ ಕನ್ನಡದಲ್ಲಿ ಬರೆಯಬಹುದು.

ಮುಂದಿನದು ಗಿಟ್ ಆಡ್ ಮತ್ತು ಗಿಟ್ ಕಮಿಟ್. ಎರಡು ಯಾಕೆ, ಒಂದೇ ಸಾಲದಾ? ನನ್ನನ್ನು ಬಹಳ ದಿನ ಕಾಡಿದ ಪ್ರಶ್ನೆ ಇದು. ತಾಂಬೂಲ ಕೊಡುವಾಗ ನಾವು ಏನು ಮಾಡುತ್ತೇವೆ? ಮೊದಲು ತಟ್ಟೆಯಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ ಜೋಡಿಸುತ್ತೇವೆ. ಬೇಡದ್ದು ಬಿದ್ದರೆ ತೆಗೆಯುತ್ತೇವೆ. ಆಮೇಲೆ ಕೊಡುತ್ತೇವೆ. ಆಡ್ ಅಂದರೆ ತಟ್ಟೆಗೆ ಹಾಕುವುದು. ಕಮಿಟ್ ಅಂದರೆ ಕೊಡುವುದು. ನೀವು ಮುಹೂರ್ತವನ್ನೂ ತಿದ್ದಿದ್ದೀರಿ, ಕೆಳಗೆ ಅತ್ತೆಯ ಹೆಸರನ್ನೂ ಸೇರಿಸಿದ್ದೀರಿ ಅಂದುಕೊಳ್ಳಿ. ಎರಡೂ ಬೇರೆ ಬೇರೆ ವಿಷಯ. ಗಿಟ್ ಆಡ್ ಡ್ಯಾಶ್ ಪಿ ಅಂದರೆ ಗಿಟ್ ಒಂದೊಂದೇ ತುಂಡು ತೋರಿಸಿ, ಇದನ್ನು ಹಾಕಲಾ ಅಂತ ಕೇಳುತ್ತದೆ. ವೈ ಅಂದರೆ ಹೌದು, ಎನ್ ಅಂದರೆ ಬೇಡ. ಒಂದು ಕಮಿಟ್‌ಗೆ ಒಂದೇ ವಿಷಯ. ನಾಳೆ ಅತ್ತೆಯ ಹೆಸರು ಮಾತ್ರ ವಾಪಸ್ ತೆಗೆಯಬೇಕಾಗಿ ಬಂದರೆ, ಬರುತ್ತದೆ, ಮದುವೆ ಮನೆ ಅದು, ಆಗ ಮುಹೂರ್ತಕ್ಕೆ ಕೈ ಹಾಕುವ ಹಾಗಿಲ್ಲ.

[ಪರದೆ: ಗಿಟ್ ಲಾಗ್. ಮೂರು ಕಮಿಟ್]

ಲಾಗ್‌ನಲ್ಲಿ ಕಮಿಟ್ ಪಕ್ಕ ಕಾಣುವ ಉದ್ದನೆಯ ಸಂಖ್ಯೆ ನೋಡಿ. 40 ಅಕ್ಷರ. ಇದಕ್ಕೆ ಹ್ಯಾಶ್ ಅನ್ನುತ್ತಾರೆ. ಫೈಲಿನ ಒಳಗಿರುವುದು, ಬರೆದವರ ಹೆಸರು, ಹೊತ್ತು, ಸಂದೇಶ, ಜೊತೆಗೆ ಹಿಂದಿನ ಕಮಿಟ್‌ನ ಹ್ಯಾಶ್, ಇಷ್ಟನ್ನೂ ಸೇರಿಸಿ ಲೆಕ್ಕ ಹಾಕಿದರೆ ಬರುವ ಸಂಖ್ಯೆ ಅದು. ಹಳೆಯ ಕಮಿಟ್‌ನಲ್ಲಿ ಒಂದು ಕೊಂಬು, ಒಂದು ದೀರ್ಘ ಬದಲಾದರೂ ಅದರ ಹ್ಯಾಶ್ ಬದಲಾಗುತ್ತದೆ. ಅದರ ಮುಂದಿನದೂ, ಅದರ ಮುಂದಿನದೂ.

ಇದರ ಬೆಲೆ ಗೊತ್ತಾದದ್ದು 2011ರಲ್ಲಿ. ಆ ಆಗಸ್ಟ್‌ನಲ್ಲಿ ಲಿನಕ್ಸ್ ಕರ್ನಲ್ ಇಟ್ಟಿದ್ದ ಸರ್ವರ್, ಅಂದರೆ ಕರ್ನಲ್ ಡಾಟ್ ಆರ್ಗ್‌ಗೆ, ಯಾರೋ ನುಗ್ಗಿದ್ದು ಪತ್ತೆಯಾಯಿತು. ಸೈಟ್ ಇಳಿಸಬೇಕಾಯಿತು. ಕೋಡ್ ಒಳಗೆ ಯಾರಾದರೂ ಏನಾದರೂ ಸೇರಿಸಿದ್ದರೆ? ಸೇರಿಸಿದ್ದರೆ ಹ್ಯಾಶ್ ಬದಲಾಗಬೇಕು. ಸರಿಯಾದ ಹ್ಯಾಶ್ ಇರುವ ಪೂರ್ತಿ ಪ್ರತಿ ಸಾವಿರಾರು ಜನರ ಕಂಪ್ಯೂಟರಿನಲ್ಲಿತ್ತು. ಕದ್ದುಮುಚ್ಚಿ ಚರಿತ್ರೆ ತಿದ್ದಲು ದಾರಿಯೇ ಇಲ್ಲ. ಲಿನಸ್ ತನ್ನ ಪ್ರತಿಯನ್ನು ಸೆಪ್ಟೆಂಬರ್‌ನಲ್ಲಿ ಗಿಟ್‌ಹಬ್‌ಗೆ ಹಾಕಿ, ಕರ್ನಲ್ 3.1ರ ಕೆಲಸ ಅಲ್ಲಿಂದಲೇ ಮುಂದುವರಿಸಿದ. ಮುಖ್ಯ ಸರ್ವರ್ ಬಿದ್ದಿತ್ತು, ಕೆಲಸ ನಿಲ್ಲಲಿಲ್ಲ.

ನಮ್ಮ ಮುಖ್ಯ ಸರ್ವರ್ ಇದು.

[ಪರದೆ: ಕೈಯಲ್ಲಿ ಒಂದು ಪೆನ್ ಡ್ರೈವ್]

ಅಪ್ಪ ಹದಿನೈದು ದಿನಕ್ಕೊಮ್ಮೆ ಊರಿಗೆ ಹೋಗಿ ಬರುತ್ತಾರೆ. ಅಂಗಿ ಜೇಬಿನಲ್ಲಿ ಇದನ್ನೂ ಒಯ್ಯುತ್ತಾರೆ.

ಪೆನ್ ಡ್ರೈವ್‌ನಲ್ಲಿ ಒಂದು ಫೋಲ್ಡರ್ ಮಾಡಿ, ಅದರೊಳಗೆ ಗಿಟ್ ಇನಿಟ್ --ಬೇರ್ -ಬಿ ಮೇನ್. ಬೇರ್ ಅಂದರೆ ತೆರೆದು ತಿದ್ದಲು ಫೈಲ್ ಇರುವುದಿಲ್ಲ, ಚರಿತ್ರೆ ಮಾತ್ರ. ಅಲ್ಲಿ ಕೂತು ಯಾರೂ ಬರೆಯುವುದಿಲ್ಲ, ಬಂದದ್ದನ್ನು ಇಟ್ಟುಕೊಳ್ಳುವುದಷ್ಟೇ ಅದರ ಕೆಲಸ. ನನ್ನ ಫೋಲ್ಡರಿಗೆ ವಾಪಸ್ ಬಂದು ಗಿಟ್ ರಿಮೋಟ್ ಆಡ್ ಪೆನ್‌ಡ್ರೈವ್, ಮುಂದೆ ಆ ಫೋಲ್ಡರಿನ ದಾರಿ. ಆಮೇಲೆ ಗಿಟ್ ಪುಶ್ ಪೆನ್‌ಡ್ರೈವ್ ಮೇನ್. ಪುಶ್ ಅಂದರೆ ನಮ್ಮ ಕಮಿಟ್‌ಗಳನ್ನು ಅಲ್ಲಿಗೆ ಕಳಿಸುವುದು. ರಿಮೋಟ್ ಅಂದರೆ ದೂರದ ಸರ್ವರ್ ಆಗಬೇಕಿಲ್ಲ, ನೋಡಿ. ಪಕ್ಕದ ಫೋಲ್ಡರ್ ಆದರೂ ಆಗುತ್ತದೆ.

ವಿಂಡೋಸ್‌ನಲ್ಲಿ ಪೆನ್ ಡ್ರೈವ್ ಬಳಸಿದರೆ "ಈ ಫೋಲ್ಡರಿನ ಮಾಲೀಕರು ಯಾರು ಅಂತ ಅನುಮಾನ" ಎಂಬ ಅರ್ಥದ ದೂರು ಬರಬಹುದು. ಅದರ ಕೆಳಗೇ ಗಿಟ್ ಒಂದು ಸೇಫ್ ಡೈರೆಕ್ಟರಿ ಕಮಾಂಡ್ ಕೊಟ್ಟಿರುತ್ತದೆ. ಪೆನ್ ಡ್ರೈವ್ ನಿಮ್ಮದೇ ಆಗಿದ್ದರೆ ಅದನ್ನೇ ಕಾಪಿ ಮಾಡಿ ಓಡಿಸಿ.

[ಪರದೆ: ಎರಡು ಭಾಗ. ಎಡಕ್ಕೆ ನನ್ನ ಟರ್ಮಿನಲ್, ಬಲಕ್ಕೆ ಅಕ್ಕನದು]

ಅಕ್ಕ ಕಂಪ್ಯೂಟರ್ ಓದಿದವಳಲ್ಲ. ಕ್ಯಾಲೆಂಡರಿನ ಹಿಂದೆ ಆರು ಕಮಾಂಡ್ ಬರೆದು ಗೋಡೆಗೆ ಅಂಟಿಸಿಕೊಂಡಿದ್ದಾಳೆ. ಮೊದಲ ಸಲ ಗಿಟ್ ಕ್ಲೋನ್. ಆಮೇಲೆ ಫೆಚ್, ಮರ್ಜ್, ಆಡ್, ಕಮಿಟ್, ಪುಶ್. ಅವಳು ಕ್ಲೋನ್ ಮಾಡಿದ್ದರಿಂದ ಅವಳ ಕಡೆ ಪೆನ್ ಡ್ರೈವ್‌ಗೆ ಒರಿಜಿನ್ ಎಂಬ ಹೆಸರು ತಾನಾಗಿ ಬಂದಿದೆ. ಒರಿಜಿನ್‌ಗೆ ಏನೋ ವಿಶೇಷ ಶಕ್ತಿ ಇದೆ ಅಂದುಕೊಳ್ಳಬೇಡಿ. ಎಲ್ಲಿಂದ ತಂದಿರೋ ಆ ಜಾಗಕ್ಕೆ ಗಿಟ್ ಸುಮ್ನೆ ಇಟ್ಟ ಹೆಸರು ಅದು.

ಅಕ್ಕ ಮೇಲಿನ ಮುಹೂರ್ತದ ಸಾಲು ತಿದ್ದಿದಳು. ಕೆಳಗೆ ಸ್ಥಳದ ಸಾಲಿಗೆ "ಮೊದಲ ಮಹಡಿ" ಅಂತ ಸೇರಿಸಿದಳು. ಕಮಿಟ್, ಪುಶ್. ಅಪ್ಪ ಬಸ್ಸು ಹತ್ತಿದರು. ಅಷ್ಟರಲ್ಲಿ ನಾನು ಇಲ್ಲಿ ಅದೇ ಸ್ಥಳದ ಸಾಲಿಗೆ "ಬಸ್ ಸ್ಟ್ಯಾಂಡ್ ಎದುರು" ಅಂತ ಸೇರಿಸಿ ಕಮಿಟ್ ಮಾಡಿಬಿಟ್ಟಿದ್ದೆ. ಅಪ್ಪ ಬಂದರು, ಪೆನ್ ಡ್ರೈವ್ ಸಿಕ್ಕಿಸಿ ಪುಶ್ ಕೊಟ್ಟೆ.

[ಪರದೆ: ಕೆಂಪು ಅಕ್ಷರದಲ್ಲಿ ರಿಜೆಕ್ಟೆಡ್, ಫೆಚ್ ಫಸ್ಟ್]

ಬೇಡ ಅಂದಿತು. ನಿನ್ನ ಹತ್ತಿರ ಇಲ್ಲದ ಕಮಿಟ್ ಇಲ್ಲಿದೆ, ಮೊದಲು ಅದನ್ನು ತಗೋ ಅನ್ನುತ್ತಿದೆ. ಇಲ್ಲಿ ಹುಡುಗರು ಮಾಡುವ ಒಂದು ಕೆಲಸವಿದೆ. ಎಲ್ಲೋ ನೋಡಿ ಡ್ಯಾಶ್ ಡ್ಯಾಶ್ ಫೋರ್ಸ್ ಹಾಕುತ್ತಾರೆ. ಹಾಕಿದರೆ ಪುಶ್ ಆಗುತ್ತದೆ ನಿಜ, ಆದರೆ ಪೆನ್ ಡ್ರೈವ್‌ನ ಮೇನ್‌ನಿಂದ ಅಕ್ಕನ ಕೆಲಸ ಮಾಯ. ಅಂದರೆ ಮತ್ತೆ ತಪ್ಪು ಮುಹೂರ್ತ, ಮತ್ತೆ ಚಿಕ್ಕಪ್ಪನ ಕೈಗೆ ಪೆನ್ನು.

ಗಿಟ್ ಫೆಚ್ ಪೆನ್‌ಡ್ರೈವ್ ಕೊಡಿ. ಇದು ಅಕ್ಕನ ಕಮಿಟ್‌ಗಳನ್ನು ತರುತ್ತದೆ, ನಿಮ್ಮ ಫೈಲ್ ಮುಟ್ಟುವುದಿಲ್ಲ. ಏನು ಬಂದಿದೆ ನೋಡಲು ಗಿಟ್ ಲಾಗ್ ಮೇನ್..ಪೆನ್‌ಡ್ರೈವ್/ಮೇನ್. ನಡುವೆ ಎರಡು ಚುಕ್ಕೆ. ನೋಡಿ ಸಮಾಧಾನವಾದ ಮೇಲೆ ಗಿಟ್ ಮರ್ಜ್ ಪೆನ್‌ಡ್ರೈವ್/ಮೇನ್. ಅಕ್ಕನ ಬದಲಾವಣೆಯನ್ನು ನಮ್ಮದರ ಜೊತೆ ಸೇರಿಸುವುದು ಇದು. ಗಿಟ್ ಪುಲ್ ಅಂದರೆ ಈ ಎರಡೂ ಒಟ್ಟಿಗೆ ಆಗುತ್ತವೆ, ಗೊತ್ತು. ಆದರೆ ಕಲಿಯುವ ಕಾಲದಲ್ಲಿ ಪುಲ್ ಬೇಡ ಅನ್ನುವವನು ನಾನು. ಮನೆಗೆ ಬಂದವರನ್ನು ಯಾರು ಅಂತ ನೋಡಿ ಒಳಗೆ ಕರೆಯುವುದು ವಾಸಿ.

[ಪರದೆ: ಕಾನ್‌ಫ್ಲಿಕ್ಟ್ ಎಂಬ ಸಂದೇಶ. ಫೈಲ್ ತೆರೆದಾಗ ಏಳು ಎಡ ಬಾಣ, ಏಳು ಸಮ ಚಿಹ್ನೆ, ಏಳು ಬಲ ಬಾಣ]

ಮುಹೂರ್ತ ಅದಾಗಿಯೇ ಸರಿಹೋಯಿತು, ಯಾಕೆಂದರೆ ಆ ಸಾಲನ್ನು ನಾನು ಮುಟ್ಟಿರಲಿಲ್ಲ, ಅದು ಸ್ಥಳದ ಸಾಲಿನಿಂದ ದೂರವೂ ಇತ್ತು. ಒತ್ತಿಗೊತ್ತಿ ಇರುವ ಸಾಲುಗಳಾಗಿದ್ದರೆ ಅದಕ್ಕೂ ಗಿಟ್ ನಮ್ಮನ್ನೇ ಕೇಳುತ್ತಿತ್ತು. ಸ್ಥಳದ ಸಾಲು ಮಾತ್ರ ಸಿಕ್ಕಿಕೊಂಡಿದೆ. ಎಡ ಬಾಣದಿಂದ ಸಮ ಚಿಹ್ನೆವರೆಗೆ ನನ್ನದು, ಅಲ್ಲಿಂದ ಬಲ ಬಾಣದವರೆಗೆ ಅಕ್ಕನದು. ಯಾವುದು ಸರಿ? ಎರಡೂ ಸರಿ. ಮಂಟಪ ಬಸ್ ಸ್ಟ್ಯಾಂಡ್ ಎದುರೇ ಇದೆ, ಹಾಲ್ ಮೊದಲ ಮಹಡಿಯಲ್ಲಿ. ಇದು ಗಿಟ್‌ಗೆ ಹೇಗೆ ಗೊತ್ತಾಗಬೇಕು? ಬಾಣಗಳನ್ನೆಲ್ಲ ಅಳಿಸಿ, ಎರಡನ್ನೂ ಸೇರಿಸಿ ಒಂದು ಸಾಲು ಬರೆಯಿರಿ. ಗಿಟ್ ಆಡ್, ಗಿಟ್ ಕಮಿಟ್, ಪುಶ್. ನಡುವೆ ತಲೆ ಕೆಟ್ಟರೆ ಗಿಟ್ ಮರ್ಜ್ --ಅಬಾರ್ಟ್. ಮರ್ಜ್‌ಗೆ ಮುಂಚೆ ಇದ್ದ ಹಾಗೆ ಆಗುತ್ತದೆ.

ಇದೆಲ್ಲ ಯೂನಿಕೋಡ್ ಟೆಕ್ಸ್ಟ್ ಫೈಲಿಗೆ. ಪ್ರೆಸ್ಸಿನವರು ಕಳಿಸುವ ಕೋರಲ್‌ಡ್ರಾ ಫೈಲನ್ನೂ ಗಿಟ್ ಇಟ್ಟುಕೊಳ್ಳುತ್ತದೆ, ಆದರೆ ಇಬ್ಬರು ಮಾಡಿದ ಬದಲಾವಣೆಯನ್ನು ಅದರೊಳಗೆ ಸೇರಿಸಲು ಬರುವುದಿಲ್ಲ.

ಈಗ ಬೇಕಂತಲೇ ಒಂದು ತಪ್ಪು ಮಾಡುತ್ತೇನೆ. ಗಿಟ್ ರಿಸೆಟ್ --ಹಾರ್ಡ್ ಹೆಡ್~1. ಅಂದರೆ ಒಂದು ಕಮಿಟ್ ಹಿಂದಕ್ಕೆ ಹೋಗು ಅಂತ. ಮರ್ಜ್ ಕಮಿಟ್ ಹೋಯಿತು. ಲಾಗ್‌ನಲ್ಲೂ ಇಲ್ಲ. ಗಿಟ್ ರಿಫ್ಲಾಗ್ ಕೊಡಿ. ನೀವು ಎಲ್ಲೆಲ್ಲಿ ಇದ್ದಿರಿ ಎಂಬ ದಿನಚರಿ ಅದು. ಹೋದ ಕಮಿಟ್‌ನ ಹ್ಯಾಶ್ ಅಲ್ಲೇ ಇದೆ. ಗಿಟ್ ಬ್ರಾಂಚ್ ಉಳಿದದ್ದು, ಮುಂದೆ ಆ ಹ್ಯಾಶ್. ಅದನ್ನು ಮೇನ್‌ಗೆ ವಾಪಸ್ ತರಲು ಗಿಟ್ ಮರ್ಜ್ ಉಳಿದದ್ದು. ಸಿಕ್ಕಿತು. ಹೀಗೆ ದಾರಿ ತಪ್ಪಿದ ಕಮಿಟ್‌ಗಳ ಗುರುತನ್ನು ರಿಫ್ಲಾಗ್ ಸಾಮಾನ್ಯವಾಗಿ 30 ದಿನ ಇಟ್ಟುಕೊಳ್ಳುತ್ತದೆ. ಆದರೆ ಕಮಿಟ್ ಮಾಡದೆ ಇದ್ದ ತಿದ್ದುಪಡಿಯನ್ನು ಹಾರ್ಡ್ ರಿಸೆಟ್ ನುಂಗಿದರೆ ರಿಫ್ಲಾಗ್‌ನಲ್ಲಿ ಸಿಗುವುದಿಲ್ಲ. ಇನ್ನೊಂದು, ಈ ದಿನಚರಿ ನಿಮ್ಮ ಕಂಪ್ಯೂಟರಿನದು ಮಾತ್ರ. ಪುಶ್ ಮಾಡಿದರೂ ಹೋಗುವುದಿಲ್ಲ.

[ಪರದೆ: ಬಕೆಟ್, ಒಳಗೆ ನೆನೆಸಿದ ಬಟ್ಟೆ]

ಇದು ಸ್ಕ್ರಿಪ್ಟ್‌ನಲ್ಲಿ ಇರಲಿಲ್ಲ. ಶೂಟಿಂಗ್ ನಡುವೆ ಆದದ್ದು. ಅಮ್ಮ ಅಪ್ಪನ ಅಂಗಿ ನೆನೆಹಾಕಿದರು, ಮುಖ್ಯ ಸರ್ವರ್ ಸಮೇತ.

ಹೊಸ ಪೆನ್ ಡ್ರೈವ್ ತಂದು ಮತ್ತೆ ಗಿಟ್ ಇನಿಟ್ --ಬೇರ್ -ಬಿ ಮೇನ್ ಕೊಟ್ಟೆ. ದಾರಿ ಬದಲಾಗಿತ್ತು, ಅದಕ್ಕೆ ಗಿಟ್ ರಿಮೋಟ್ ಸೆಟ್-ಯುಆರ್‌ಎಲ್ ಪೆನ್‌ಡ್ರೈವ್, ಮುಂದೆ ಹೊಸ ದಾರಿ. ಆಮೇಲೆ ಗಿಟ್ ಪುಶ್ ಪೆನ್‌ಡ್ರೈವ್ --ಆಲ್. ಮೊದಲ ಕಮಿಟ್‌ನಿಂದ ಎಲ್ಲ ಬಂತು. ಅಕ್ಕನಿಗೆ ಫೋನ್ ಮಾಡಿ, ಅವಳ ಕೊನೆಯ ಕಮಿಟ್‌ನ ಹ್ಯಾಶ್‌ನಲ್ಲಿ ಮೊದಲ ಏಳು ಅಕ್ಷರ ಓದು ಅಂದೆ. ಓದಿದಳು. ಆ ಕಮಿಟ್‌ಗೆ ನನ್ನ ಲಾಗ್‌ನಲ್ಲೂ ಅದೇ ಏಳು ಅಕ್ಷರ.

"ಅಪ್ಪನಿಗೆ ಹೇಳು, ಈ ಸಲ ಪ್ಯಾಂಟ್ ಜೇಬಲ್ಲಿ ಇಟ್ಕೊಳ್ಳಲಿ" ಅಂದಳು.

ನೆಟ್ ಇರುವವರು ಪೆನ್ ಡ್ರೈವ್ ದಾರಿಯ ಜಾಗದಲ್ಲಿ ಗಿಟ್‌ಹಬ್ ವಿಳಾಸ ಹಾಕಿ. ಉಳಿದ ಕಮಾಂಡ್ ಎಲ್ಲ ಇವೇ. 2021ರ ಆಗಸ್ಟ್‌ನಿಂದ ಅಲ್ಲಿ ಪುಶ್ ಮಾಡಲು ಬರೀ ಪಾಸ್‌ವರ್ಡ್ ನಡೆಯುವುದಿಲ್ಲ. ಎಸ್‌ಎಸ್‌ಎಚ್ ಕೀ ಅಥವಾ ಟೋಕನ್ ಬೇಕು. ಕೀ ಮಾಡುವುದು ಹೇಗೆ ಅಂತ ಮುಂದಿನ ವಿಡಿಯೋದಲ್ಲಿ ತೋರಿಸುತ್ತೇನೆ.

[ಪರದೆ: ಗಿಟ್ ಲಾಗ್‌ನ ಕೊನೆಯ ಸಾಲು. ಬರೆದವರು: ಅಕ್ಕ. ಸಂದೇಶ: ಅತ್ತೆಯ ಹೆಸರು ಮೇಲಕ್ಕೆ ತಂದಿದ್ದೇನೆ, ಯಾರೂ ಮುಟ್ಟಬೇಡಿ]