ಬಾಣವೊಂದಕ್ಕೆ 150 ಡಾಲರ್

ಕೇಳುಗರಿಗೆ ನಮಸ್ಕಾರ.

ಎದೆಗೆ ಬಾಣ ನಾಟಿ, ಕುದುರೆಯಿಂದ ಉರುಳಿ ಬೀಳುವ ಸೈನಿಕ. ಸಿನಿಮಾದಲ್ಲಿ ಇದನ್ನು ಎಷ್ಟು ಸಲ ನೋಡಿಲ್ಲ ನಾವು! ಏನೋ ಕೈಚಳಕ ಮಾಡಿರುತ್ತಾರೆ ಬಿಡಿ, ಅಂದುಕೊಳ್ಳುತ್ತೇವೆ. ಆದರೆ 1938ರಲ್ಲಿ ವಾರ್ನರ್ ಬ್ರದರ್ಸ್ ತೆಗೆದ 'ದಿ ಅಡ್ವೆಂಚರ್ಸ್ ಆಫ್ ರಾಬಿನ್ ಹುಡ್' ಚಿತ್ರದಲ್ಲಿ ಬಾಣಗಳು ನಿಜವಾಗಿಯೇ ಬಂದು ನಾಟುತ್ತಿದ್ದವು. ಬಿಡುತ್ತಿದ್ದವನು ಹೊವರ್ಡ್ ಹಿಲ್, ಆ ಕಾಲದ ಹೆಸರಾಂತ ಬಿಲ್ಲುಗಾರ. ಸ್ಟಂಟ್ ಕಲಾವಿದರು ಅಂಗಿಯೊಳಗೆ ಉಕ್ಕಿನ ತಗಡು, ಅದರ ಮೇಲೆ ಬಾಲ್ಸಾ ಎಂಬ ಹಗುರ ಮರದ ಹಲಗೆ ಕಟ್ಟಿಕೊಂಡು ಮೈಯೊಡ್ಡಿ ನಿಲ್ಲುತ್ತಿದ್ದರು. ತಗುಲಿದ ಬಾಣವೊಂದಕ್ಕೆ 150 ಡಾಲರ್ ಕೂಲಿ. ಹಿಲ್‌ನ ಗುರಿ ಒಂದು ಗೇಣು ಮೇಲಕ್ಕೆ ಹೋಗಿದ್ದರೆ ಕುತ್ತಿಗೆಗೆ ಯಾವ ತಗಡಿತ್ತು? ನನ್ನನ್ನು ಕೇಳಿದರೆ ಆ ಕೂಲಿ ಕಡಿಮೆಯೇ.

ಬಾಣ ಅಸಲಿ, ಕಾಡು ಮಾತ್ರ ಬೆರಕೆ. ಜನಪದ ಕಥೆಯ ಬಿಲ್ಲುಗಾರ ರಾಬಿನ್ ಹುಡ್ ಅಡಗಿದ್ದ ಇಂಗ್ಲೆಂಡಿನ ಶೆರ್ವುಡ್ ಅರಣ್ಯವೆಂದು ತೋರಿಸಿದ್ದು ಕ್ಯಾಲಿಫೋರ್ನಿಯಾದ ಚಿಕೊ ಊರಿನ ಬಿಡ್ವೆಲ್ ಪಾರ್ಕನ್ನು. ಅಲ್ಲಿನ ಓಕ್ ಮರಗಳ ನಡುವೆ ಕಲಾ ವಿಭಾಗದವರು ಕೃತಕ ಮರ, ಬಂಡೆಗಳನ್ನು ತಂದು ನಿಲ್ಲಿಸಿದರು. ಬಣ್ಣದ ಚಿತ್ರ ತೆಗೆಯಲು ಒಟ್ಟಿಗೆ ಮೂರು ಫಿಲ್ಮ್ ಓಡಿಸುವ ಟೆಕ್ನಿಕಲರ್ ಕ್ಯಾಮೆರಾಗಳು ಬಾಡಿಗೆಗೆ ಬಂದವು. ಕೆಲಸ ನಿಧಾನವಾಯಿತೆಂದು ನಿರ್ದೇಶಕ ವಿಲಿಯಂ ಕೀಲಿಯವರನ್ನು ನಡುವೆಯೇ ಬಿಡಿಸಿ ಮೈಕೇಲ್ ಕರ್ಟಿಜ್‌ರನ್ನು ಕೂರಿಸಿದರು. ಖರ್ಚು ಸುಮಾರು 20 ಲಕ್ಷ ಡಾಲರ್ ಮುಟ್ಟಿತು.

ಇನ್ನು ಸಂಗೀತ. ಅದಕ್ಕೆಂದು ವಿಯೆನ್ನಾದಿಂದ ಎರಿಕ್ ಕೋರ್ನ್‌ಗೋಲ್ಡ್‌ರನ್ನು ಕರೆಸಿದ್ದರು. ಅವರು ಚಿತ್ರ ನೋಡಿದವರೇ, ಬರೀ ಹೊಡೆದಾಟ, ತನ್ನ ಕೈಲಾಗದು ಎಂದುಬಿಟ್ಟರು. ಅದು 1938ರ ಫೆಬ್ರವರಿ. ಅವರು ಯೆಹೂದಿ. ಆಸ್ಟ್ರಿಯಾದ ಮೇಲೆ ಹಿಟ್ಲರನ ಹಿಡಿತ ಬಿಗಿಯಾಗುತ್ತಿರುವ ಸುದ್ದಿ ಅದೇ ದಿನಗಳಲ್ಲಿ ಬಂತು. ಒಪ್ಪಿಕೊಂಡರು, ಅದೂ ವಾರದ ಲೆಕ್ಕದಲ್ಲಿ. ಮಾರ್ಚಿನಲ್ಲಿ ಜರ್ಮನ್ ಸೇನೆ ಆಸ್ಟ್ರಿಯಾಕ್ಕೆ ನುಗ್ಗಿದಾಗ ಅವರು ಲಾಸ್ ಏಂಜಲೀಸಿನಲ್ಲಿ ರಾಬಿನ್ ಹುಡ್‌ನ ಕತ್ತಿಕಾಳಗಕ್ಕೆ ತುತೂರಿ ಬರೆಯುತ್ತಿದ್ದರು. ವಿಯೆನ್ನಾದ ಮನೆ ಹೋಯಿತು. ಈ ಚಿತ್ರವೇ ತನ್ನ ಜೀವ ಉಳಿಸಿತೆಂದು ಮುಂದೆ ಹೇಳುತ್ತಿದ್ದರು. ಆ ಸಂಗೀತಕ್ಕೆ ಆಸ್ಕರ್ ಕೂಡ ಬಂತು, ಆದರೆ ಅದು ಸಣ್ಣ ಮಾತು.

ರೇಡಿಯೊದಲ್ಲಿ ಕೂತು ಈ ಕಥೆ ಹೇಳಲು ನನಗೊಂದು ನೆಪವೂ ಇದೆ. ಅದೇ ವರ್ಷದ ಮೇ ತಿಂಗಳಲ್ಲಿ ಈ ಸಂಗೀತ ಬಾನುಲಿಯಲ್ಲೂ ಮೊಳಗಿತು. ಕೋರ್ನ್‌ಗೋಲ್ಡ್ ವಾದ್ಯವೃಂದ ನಡೆಸಿದರು, ನಡುನಡುವೆ ಕಥೆ ಹೇಳಿದವರು ಬೇಸಿಲ್ ರಾತ್‌ಬೋನ್. ಕತ್ತಿವರಸೆಯಲ್ಲಿ ನಾಯಕ ಎರಾಲ್ ಫ್ಲಿನ್‌ಗಿಂತ ಒಂದು ಕೈ ಮೇಲಾಗಿದ್ದರೂ, ತೆರೆಯ ಮೇಲೆ ಅವನ ಕೈಯಲ್ಲೇ ಸಾಯಬೇಕಾಗಿದ್ದ ಖಳ. ಅಂದು ಮೈಕಿನ ಮುಂದೆ ರಾಬಿನ್ ಹುಡ್ ಇರಲಿಲ್ಲ, ಕಥೆಯೆಲ್ಲ ಖಳನ ಬಾಯಲ್ಲೇ.